ಹದಿನಾಲ್ಕನೇ ಕಲಮು

ಸುಲ್ತಾನಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಯ ಮೇಲೆ ಅವರ ಆಫೀಸು.
ಮೆಟ್ಟಿಲು ಇಕ್ಕಟ್ಟು, ಒಬ್ಬರ ಹಿಂದೊಬ್ಬರು ಹತ್ತಬೇಕು.
ಮುಂದೆ ಮೇಬಲ್, ಎದೆಗವಚಿಕೊಂಡು
ಪುಣೆಯವರು ಕಳಿಸಿದ ನಲವತ್ತೆರಡು ಪುಟ.
ಹಿಂದೆ ನಾನು. ಚೀಲದಲ್ಲಿ ನೀರಿನ ಬಾಟಲಿ,
ಮತ್ತೆ, ಯಾಕೋ ಗೊತ್ತಿಲ್ಲ, ನಮ್ಮದೇ ಮಾಲಿನ ಒಂದು ತುಂಡು:
ಲಿಫ್ಟಿನ ಬಾಗಿಲಿಗೆ ಹಾಕುವ ಕರಿ ರಬ್ಬರ್ ಪಟ್ಟಿ, ಗೇಣುದ್ದ.

ಮೂರು ಕಡೆ ವಿಚಾರಿಸಿದ್ದೆವು ಇದಕ್ಕೆ ಮುಂಚೆ.
ಲ್ಯಾವೆಲ್ಲೆ ರಸ್ತೆಯಲ್ಲಿ ಗಂಟೆಗಿಷ್ಟು ಅಂದರು;
ಸುಮ್ಮನೆ ಉಸಿರಾಡಿದರೂ ಮೀಟರು ಓಡುವಂತಿತ್ತು.
ರಾಜಾಜಿನಗರದ ಹುಡುಗ ಪುಟ ತಿರುವದೆಯೇ
'ಎಲ್ಲ ಮಾಮೂಲು ಮೇಡಂ, ಸೈನ್ ಹಾಕಿ' ಅಂದ.
ಮೇಬಲ್‌ಳ ಭಾವ ಜಮೀನು ಕೇಸಿನವರು,
ಕಂಪನಿ ಕಾನೂನು ಅಂದಕೂಡಲೇ ಕೈಮುಗಿದರು.
ಕೊನೆಗೆ ಪೀಣ್ಯದಲ್ಲಿ, ನಮ್ಮ ಶೆಡ್ಡಿನೆದುರು ಸ್ಪ್ರಿಂಗ್ ಮಾಡುವ ಶಿವನಂಜಪ್ಪ
ಟೀ ಲೋಟ ಕೆಳಗಿಡದೆ ಒಂದು ಹೆಸರು ಹೇಳಿದರು.
ಸಂಪಂಗಿರಾಮ್. ಮೂವತ್ತೊಂದು ವರ್ಷ ಇದೇ ಕೆಲಸ.
'ನನ್ನನ್ನೂ ನನ್ನ ತಮ್ಮನನ್ನೂ ಬೇರೆ ಮಾಡಿದ್ದು ಅವರೇ.
ಹಬ್ಬಕ್ಕೆ ಈಗಲೂ ಇಬ್ಬರದೂ ಒಂದೇ ಪಂಕ್ತಿ.'

ಓದಿದರು ಅವರು.
ಅಷ್ಟು ನಿಧಾನಕ್ಕೆ ಓದುವವರನ್ನು ನಾನು ಕಂಡದ್ದು
ಆಸ್ಪತ್ರೆಯಲ್ಲಿ ಮಾತ್ರ, ಎಕ್ಸ್‌ರೇ ಬೆಳಕಿಗೆ ಹಿಡಿದಾಗ.
ಫ್ಯಾನಿಗೆ ಪುಟ ಹಾರುತ್ತಿತ್ತು. ಚೀಲದಿಂದ ಪಟ್ಟಿ ತೆಗೆದು ಕೊಟ್ಟೆ,
ಏನೆಂದೂ ಕೇಳದೆ ಅದನ್ನೇ ಭಾರ ಇಟ್ಟರು.
ಹದಿನಾಲ್ಕನೇ ಕಲಮಿಗೆ ಬಂದು ಪೆನ್ಸಿಲು ನಿಂತಿತು.

'ಇಲ್ಲೊಂದು ಅಥವಾ ಇದೆ ನೋಡಿ.
ಪಾಲುದಾರರಿಬ್ಬರ, ಅಥವಾ ಅವರಲ್ಲಿ ಯಾರಾದರೊಬ್ಬರ ಒಪ್ಪಿಗೆಯಿಂದ.
ಈ ಒಂದು ಮಾತಿನೊಳಗೆ ನಿಮ್ಮ ಶೆಡ್ಡು ಪೂರ್ತಿ ಹಿಡಿಸುತ್ತದೆ,
ಮಷೀನು, ಗಿರಾಕಿ, ಕರೆಂಟು ಕನೆಕ್ಷನ್ನು ಸಮೇತ.'

ಬೆವರಿದೆವು. ಸರಿಯಾದ ಜಾಗಕ್ಕೇ ಬಂದೆವು ಅಂತ ಖುಷಿಯೂ ಆಯಿತು.
ಫೀಸು ಚೀಟಿಯಲ್ಲಿ ಬರೆದು ನಮ್ಮ ಕಡೆ ತಿರುಗಿಸಿದರು:
ಒಂದೇ ಮೊತ್ತ. ಗಂಟೆ ಗಿಂಟೆ ಇಲ್ಲ.
ಮೇಬಲ್ ಚೆಕ್ಕುಪುಸ್ತಕಕ್ಕೆ ಕೈಹಾಕಿದಳು.

'ತಾಳಿ,' ಅಂದರು. 'ಮೊದಲು ಇದು ಹೇಳಿ, ನಾನು ಯಾರ ವಕೀಲ?'

ಇಬ್ಬರದೂ, ಅಂದೆವು, ಒಟ್ಟಿಗೆ.

'ಪುಣೆಯವರ ಮುಂದೆ ಇಬ್ಬರದೂ ಆಗಬಲ್ಲೆ.
ಈ ಕಲಮಿಗೆ ಆಗೊಲ್ಲ.
ಇಲ್ಲಿ ನಿಮ್ಮ ಹಿತ ಒಂದು ಕಡೆ, ಇವರ ಹಿತ ಇನ್ನೊಂದು ಕಡೆ.
ಒಬ್ಬರು ಬೇರೆಯವರನ್ನು ನೋಡಿಕೊಳ್ಳಬೇಕು.
ಇಬ್ಬರ ದುಡ್ಡೂ ತಗೊಂಡರೆ ನನಗೆ ರಾತ್ರಿ ನಿದ್ದೆ ಬರೊಲ್ಲ,
ಆಮೇಲೆ ನಿಮಗೂ.'

ಹನ್ನೊಂದು ವರ್ಷ. ಶೆಡ್ಡಿಗೆ ಒಂದೇ ಬೀಗದಕೈ,
ಮೊದಲು ಬಂದವಳು ತಂದು ಕೊನೆಗೆ ಹೋದವಳು ಒಯ್ಯುವುದು.
ಅವಳ ಹೆರಿಗೆಯ ದಿನ ಅವಳ ಸೈನು ನಾನೇ ಹಾಕಿದ್ದೆ,
ಬ್ಯಾಂಕಿನವರಿಗೆ ಇವತ್ತಿಗೂ ಗೊತ್ತಿಲ್ಲ.
(ಅದನ್ನು ಇವರಿಗೆ ಹೇಳಲಿಲ್ಲ.)
ಬಾಯಿಮಾತಿನಲ್ಲೇ ಇಷ್ಟು ದೂರ ಬಂದವರು
ಈಗ ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಕ್ಯಾಲೆಂಡರು ನೋಡಿದೆವು.

ಮೇಬಲ್ ಎದ್ದಳು. 'ನೀನಿರು ವನಜಾಕ್ಷಿ.
ನಿನಗೆ ಇವರ ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ.'
ಅದು ಕಾರಣವಲ್ಲ. ಕಮ್ಮನಹಳ್ಳಿಯಲ್ಲಿ ಹುಟ್ಟಿದವಳು ಅವಳು,
ನನಗಿಂತ ಚೆನ್ನಾಗಿ ಬೈಯುತ್ತಾಳೆ.

ಬಾಗಿಲು ಹಾಕಿತು. ಸಂಪಂಗಿರಾಮ್ ಹೊಸ ಹಾಳೆ ತೆಗೆದು
ಮೇಲೆ ನನ್ನ ಹೆಸರು ಬರೆದರು, ನನ್ನದೊಂದೇ.
ಪೆನ್ಸಿಲು ಚೂಪು ಮಾಡಿಕೊಂಡರು.
'ಹೇಳಿ. ಅವರಿದ್ದಾಗ ಕೇಳಲಾಗದ್ದು ಏನಾದರೂ ಇದೆಯೇ?'

ಇಲ್ಲ ಅನ್ನಲು ಬಾಯಿ ತೆರೆದೆ.
ಇತ್ತು.
ಯಾವಾಗಿನಿಂದ ಇತ್ತೋ.
ಅವಳ ಚಪ್ಪಲಿಯ ಸದ್ದು ಕೊನೆಯ ಮೆಟ್ಟಿಲು ಇಳಿಯಲಿ ಅಂತ ಕಾದೆ.
ಕೆಳಗೆ ಅಂಗಡಿಯವನು ಅವಳನ್ನು ಕೇಳುತ್ತಿದ್ದ:
'ಬನ್ನಿ ಮೇಡಂ. ತಮ್ಮದು ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?'